ಮನುಸ್ಸದ ಹಾವು ಮತ್ತು ಆರನೆಯ ಮುಖ

ಅನ್ಯಗ್ರಹದ ನಾಗರಿಕತೆಯೊಂದನ್ನು ಕಲ್ಪಿಸುವ ಲೇಖಕ ಅದಕ್ಕೆ ಭಾಷೆ, ಉಡುಪು, ಆಯುಧ ಎಲ್ಲವನ್ನೂ ಕೊಟ್ಟಾನು. ನಂಬುವಂಥ ಜಾನಪದ ಕೊಡುವವರು ಮಾತ್ರ ಅಪರೂಪ. ಇಂಥ ಕಥೆಗಳಲ್ಲಿ ಪುರಾಣವೆಂದರೆ ಸಾಮಾನ್ಯವಾಗಿ ಹಿರಿಯನೊಬ್ಬನ ಬಾಯಿಂದ ಬರುವ ಭವಿಷ್ಯವಾಣಿ. ಕೊನೆಗೆ ಅದು ಅಕ್ಷರಶಃ ನಿಜವಾಗುತ್ತದೆ, ಕಥೆ ಮುಗಿಯುತ್ತದೆ. ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿಗೆ ಕ್ರಿಸ್ಟೋಫರ್ ಬೈಲಿ ಬರೆದ ಎರಡು ಕಥೆಗಳು, 1982ರ ‘ಕಿಂಡಾ’ ಮತ್ತು 1983ರ ‘ಸ್ನೇಕ್‌ಡ್ಯಾನ್ಸ್’, ಈ ಜಾಡು ಬಿಟ್ಟು ನಡೆದವು. ಎರಡರಲ್ಲೂ ಇರುವುದು ‘ಮಾರ’ ಎಂಬ ಸರ್ಪ. ಅದು ಕನಸಿನ ದಾರಿಯಲ್ಲಿ ಮನುಷ್ಯರೊಳಗೆ ಇಳಿಯುತ್ತದೆ, ತೋಳಿನ ಮೇಲೆ ಹಾವಿನ ಗುರುತಾಗಿ ಮೂಡುತ್ತದೆ. ಈ ಹಾವಿನ ಭಯಾನಕತೆಗಿಂತ ಅದನ್ನು ನೆನಪಿಟ್ಟುಕೊಂಡ ಜನರ ರೀತಿಯೇ ಬೈಲಿಯ ದೊಡ್ಡ ಸಾಧನೆ ಎನ್ನುವುದು ನನ್ನ ವಾದ. ಒಂದು ಸಮಾಜ ತನ್ನ ಪುರಾಣವನ್ನು ಮರೆಯಲು ಅದನ್ನು ಹೇಳುವುದನ್ನು ನಿಲ್ಲಿಸಬೇಕಿಲ್ಲ, ಅದು ತನ್ನದಲ್ಲ ಎಂಬಂತೆ ಹೇಳುತ್ತಿದ್ದರೆ ಸಾಕು. ಇಷ್ಟು ಸ್ಪಷ್ಟವಾಗಿ ಇದನ್ನು ತೋರಿಸಿದ ವಿಜ್ಞಾನ ಕಥೆಗಳು ಕಡಿಮೆ.

‘ಸ್ನೇಕ್‌ಡ್ಯಾನ್ಸ್’ ನಡೆಯುವ ಮನುಸ್ಸ ಗ್ರಹವನ್ನೇ ನೋಡಿ. ಐನೂರು ವರ್ಷಗಳ ಹಿಂದೆ ಅಲ್ಲಿ ಮಾರನ ಆಳ್ವಿಕೆ ಇತ್ತು, ವೀರನೊಬ್ಬ ಅದನ್ನು ಕೊನೆಗಾಣಿಸಿದ ಎಂಬುದು ಐತಿಹ್ಯ. ಈಗ ಅದರ ನೆನಪಿಗೆ ಜಾತ್ರೆ ಇದೆ. ಬೀದಿಯಲ್ಲಿ ಹಾವಿನ ವೇಷದ ಮೆರವಣಿಗೆ ಸಾಗುತ್ತದೆ, ಮಕ್ಕಳಿಗೆ ಬೊಂಬೆಯಾಟದಲ್ಲಿ ಹಾವು ಬರುತ್ತದೆ, ಕನ್ನಡಿ ಮನೆಯವನು ಗಿರಾಕಿಗಳನ್ನು ಕೂಗಿ ಕರೆಯುತ್ತಾನೆ. ವೀರನ ಪಾತ್ರ ವಹಿಸಬೇಕಾದವನು ಆಳುವ ಮನೆತನದ ಕುಡಿ ಲಾನ್; ಅವನಿಗೆ ಇದೆಲ್ಲ ಬರೀ ಬೇಸರ. ಇನ್ನೊಂದು ಕಡೆ ಆಂಬ್ರಿಲ್ ಎಂಬ ವಿದ್ವಾಂಸ, ಇತಿಹಾಸ ಸಂಶೋಧನೆಯ ಮುಖ್ಯಸ್ಥ. ಮಾರನ ಕಾಲದ ಪ್ರತಿಯೊಂದು ಚೂರನ್ನೂ ಜೋಪಾನ ಮಾಡುವ ಈತನಿಗೆ ಮಾರ ಮತ್ತೆ ಬರಬಹುದೆಂಬ ಮಾತು ಕೇಳಿದರೇ ಸಿಟ್ಟು.

ಆಂಬ್ರಿಲ್‌ನ ಸಂಗ್ರಹದಲ್ಲಿ ‘ಭ್ರಮೆಯ ಆರು ಮುಖಗಳು’ ಎಂಬ ಶಿರೋಭೂಷಣವಿದೆ. ಅದರಲ್ಲಿ ಕೆತ್ತಿರುವುದು ಐದೇ ಮುಖ. ಹಿಂದಿನವರ ಲೆಕ್ಕ ತಪ್ಪಿದೆ ಎಂದು ಅವನ ತೀರ್ಮಾನ. ಧಾರಾವಾಹಿಯ ನಾಯಕ ಡಾಕ್ಟರ್ ಅದನ್ನು ಅವನ ತಲೆಗೇ ಇಟ್ಟು ಮತ್ತೆ ಎಣಿಸಲು ಹೇಳುತ್ತಾನೆ: ಆರನೆಯದು ತೊಟ್ಟವನ ಮುಖ. ಒಂದೆರಡು ನಿಮಿಷದ ಈ ದೃಶ್ಯದಲ್ಲಿ ಇಡೀ ಕಥೆಯ ತಿರುಳಿದೆ. ಆ ವಸ್ತುವನ್ನು ಮಾಡಿದವರಿಗೆ ಅದು ತೊಡುವಂಥದ್ದು, ಆಂಬ್ರಿಲ್‌ಗೆ ನೋಡುವಂಥದ್ದು. ಗಾಜಿನ ಆಚೆಗಿಟ್ಟು ನೋಡುವವರೆಗೂ ಲೆಕ್ಕ ಐದಕ್ಕೇ ನಿಲ್ಲುತ್ತದೆ. ಮುಂದೆ ಮಾರನ ವಶವಾದ ಲಾನ್ ಇದೇ ವಿದ್ವಾಂಸನಿಗೆ ಯಾರೂ ಕಾಣದ ಪ್ರಾಚೀನ ವಸ್ತುಗಳ ಆಸೆ ತೋರಿಸಿ, ಅವು ನಾಶವಾದಾವೆಂದು ಹೆದರಿಸಿ, ಜಾತ್ರೆಯ ವಿಧಿಗೆ ಅಸಲಿ ಮಹಾ ಸ್ಫಟಿಕವನ್ನೇ ಹೊರತರಿಸುತ್ತಾನೆ. ಮಾರ ಮರಳಲು ಬೇಕಾಗಿದ್ದೂ ಅದೇ. ಆಂಬ್ರಿಲ್ ದುಷ್ಟನಲ್ಲ, ವಸ್ತುವಿನ ಮೇಲಿನ ಪ್ರೀತಿ ಅರ್ಥದ ಮೇಲಿನ ಗಮನವನ್ನು ನುಂಗಿದೆ, ಅಷ್ಟೇ.

ಆ ಸ್ಫಟಿಕವೂ ಮನುಸ್ಸದ ಜನರೇ ಮಾಡಿದ್ದು. ಮನಸ್ಸಿನ ಆಲೋಚನೆಯನ್ನು ಶಕ್ತಿಯಾಗಿ ಮಾರ್ಪಡಿಸುವ ಆ ಸಾಧನದಲ್ಲಿ ಅವರ ದುರಾಸೆ, ದ್ವೇಷಗಳೇ ಒಟ್ಟುಗೂಡಿ ಮಾರ ಹುಟ್ಟಿತು. ಹಾಗಾದರೆ ‘ಹೊರಗಿನಿಂದ ಬಂದ ಹಾವನ್ನು ವೀರ ಓಡಿಸಿದ’ ಎಂಬ ಜಾತ್ರೆಯ ಕಥೆಯಲ್ಲಿ ಮುಖ್ಯ ಸಂಗತಿಯೇ ಬಿಟ್ಟುಹೋಗಿದೆ. ಐನೂರು ವರ್ಷ ತಪ್ಪದೆ ಆಚರಿಸಿದ್ದು ಈ ಅರೆಬರೆ ಕಥೆಯನ್ನು.

ಇಲ್ಲೊಂದು ಗಟ್ಟಿ ಆಕ್ಷೇಪಣೆ ಇದೆ. ಜಾತ್ರೆ, ಬೊಂಬೆಯಾಟಗಳನ್ನು ಮರೆವಿನ ಲಕ್ಷಣವೆಂದು ಕರೆಯುವುದು ಜನಪದಕ್ಕೆ ಮಾಡುವ ಅನ್ಯಾಯವಲ್ಲವೆ? ನಗು, ಆಟಗಳೂ ಒಂದು ಬಗೆಯ ತಿಳಿವಳಿಕೆಯೇ. ಇದನ್ನು ಒಪ್ಪಲೇಬೇಕು. ಬೊಂಬೆಯಾಟದಲ್ಲಿ ಹಾವು ಉಳಿಯದಿದ್ದರೆ, ಅಲ್ಲಿನ ಹಳೆಯ ಗುಹೆಯೊಂದರ ಗೋಡೆಯ ಗುರುತುಗಳು ಉಳಿಯದಿದ್ದರೆ ಡಾಕ್ಟರ್‌ಗೆ ಹಿಡಿಯಲು ಎಳೆಯೇ ಸಿಗುತ್ತಿರಲಿಲ್ಲ. ಆದರೆ ಉಳಿಸಿಕೊಳ್ಳುವುದು ಬೇರೆ, ಉತ್ತರಿಸಲು ಸಿದ್ಧವಿರುವುದು ಬೇರೆ. ಮನುಸ್ಸದಲ್ಲಿ ಎರಡನೆಯದನ್ನು ಮಾಡಿದವರು ಬೆಟ್ಟ ಸೇರಿದ ಸರ್ಪನರ್ತಕರು. ಆಂಬ್ರಿಲ್‌ಗಿಂತ ಮುಂಚೆ ಅದೇ ಹುದ್ದೆಯಲ್ಲಿದ್ದ ಡೋಜನ್ ಎಲ್ಲ ಬಿಟ್ಟು ಸೇರಿಕೊಂಡದ್ದು ಇವರನ್ನೇ. ಹಾವಿನಿಂದ ಕಚ್ಚಿಸಿಕೊಂಡು, ಭಯದ ನಡುವೆ ಮನಸ್ಸಿನ ನಿಶ್ಚಲ ಬಿಂದುವನ್ನು ಹುಡುಕುವುದು ಅವರ ಸಾಧನೆ. ಅವರದೂ ಆಚರಣೆಯೇ, ಆದರೆ ಅಲ್ಲಿ ನೋಡುಗರಿಲ್ಲ.

ಎರಡನೆಯ ಆಕ್ಷೇಪಣೆ ನಮ್ಮ ಕಡೆಯಿಂದಲೇ ಬರಬೇಕು. ಪನ್ನಾ, ಕರುಣಾ, ದುಕ್ಖ, ಅನತ್ತಾ, ತನ್ಹಾ, ದೇವಲೋಕ: ಪಾತ್ರ ಮತ್ತು ಗ್ರಹಗಳ ಹೆಸರುಗಳೆಲ್ಲ ಬೌದ್ಧ ಜಗತ್ತಿನವು. ಜೊತೆಗೆ ‘ಕಿಂಡಾ’ದಲ್ಲಿ ಮಾರನ ವಶವಾದ, ಡಾಕ್ಟರ್‌ನ ಸಹಪ್ರಯಾಣಿಕೆ ಟೀಗನ್ ಮರವೇರಿ ಸೇಬು ಉದುರಿಸುತ್ತಾಳೆ, ಏದೆನ್ ತೋಟದ ನೆರಳು ಎದ್ದು ಕಾಣುತ್ತದೆ. ಊರ ಅರಳಿಕಟ್ಟೆಯ ನಾಗರಕಲ್ಲಿಗೆ ಹಾಲೆರೆಯುವ ಮನಸ್ಸಿಗೆ ಹಾವನ್ನು ಕೇಡಿನ ರೂಪ ಮಾಡಿದ್ದು ಪಶ್ಚಿಮದ ಹಳೆಯ ಅಪವಾದವೆಂದೇ ತೋರುತ್ತದೆ. ಬೌದ್ಧ ಪರಂಪರೆಯಲ್ಲೂ ಮಳೆಗಾಳಿಯಲ್ಲಿ ಬುದ್ಧನಿಗೆ ಹೆಡೆಯ ಕೊಡೆ ಹಿಡಿದವನು ನಾಗರಾಜ ಮುಚಲಿಂದ. ಆದರೆ ಸಂಯುತ್ತ ನಿಕಾಯದಲ್ಲಿ ಮಾರ ದೊಡ್ಡ ಸರ್ಪವಾಗಿ ಬುದ್ಧನನ್ನು ಹೆದರಿಸಲು ಬರುವ ಪ್ರಸಂಗವೂ ಇದೆ. ಸರ್ಪದ ಈ ಎರಡೂ ಮುಖ ಆ ಪರಂಪರೆಯೊಳಗೇ ಇವೆ. ಸರ್ಪನರ್ತಕರ ಕೈಯ ಹಾವು ಗುರುವಾಗಿಯೂ ಬರುವುದರಿಂದ ಬೈಲಿ ಒಂದನ್ನೇ ಹಿಡಿದರು ಎನ್ನಲಾಗದು. ಸೇಬಿನ ದೃಶ್ಯ ಮಾತ್ರ ನನಗೂ ಅನಗತ್ಯವೆನಿಸುತ್ತದೆ.

‘ಕಿಂಡಾ’ದ ಕೊನೆಯಲ್ಲಿ ಬರುವ ದೊಡ್ಡ ಹಾವು ಕೃತಕವಾಗಿದೆ ಎಂಬ ದೂರು ಹಳೆಯದು, 2011ರ ಡಿವಿಡಿಯಲ್ಲಿ ಕಂಪ್ಯೂಟರ್ ಹಾವನ್ನು ಆಯ್ದುಕೊಳ್ಳುವ ಅವಕಾಶವನ್ನೂ ಕೊಟ್ಟರು. ದೂರು ಸುಳ್ಳಲ್ಲ, ಆದರೆ ಭಯ ಆ ಹಾವಿನಲ್ಲಿರಲಿಲ್ಲ. ಭಯವಿದ್ದದ್ದು ಟೀಗನ್‌ಳ ತೋಳಿನಿಂದ ಕಿಂಡಾ ಜನಾಂಗದ ಆರಿಸ್‌ನ ತೋಳಿಗೆ ಹರಿಯುವ ಗುರುತಿನಲ್ಲಿ. ಪರಿಹಾರಗಳೂ ಇದಕ್ಕೆ ತಕ್ಕಂತಿವೆ. ‘ಕಿಂಡಾ’ದಲ್ಲಿ ಸುತ್ತಲೂ ಕನ್ನಡಿ ನಿಲ್ಲಿಸಿ ಮಾರ ತನ್ನನ್ನೇ ನೋಡುವಂತೆ ಮಾಡಲಾಗುತ್ತದೆ. ‘ಸ್ನೇಕ್‌ಡ್ಯಾನ್ಸ್’ನಲ್ಲಿ ಎಲ್ಲರೂ ಅದರತ್ತ ಕಣ್ಣು ನೆಟ್ಟಿರುವಾಗ ಡಾಕ್ಟರ್ ಒಬ್ಬನೇ ಅದನ್ನು ನೋಡಲು ಒಪ್ಪದೆ ತನ್ನೊಳಗಿನ ನಿಶ್ಚಲತೆ ಹುಡುಕುತ್ತಾನೆ. ಜಾತ್ರೆಯ ಕಥೆಯಲ್ಲಿ ಮಾರನನ್ನು ಗೆದ್ದವನು ಒಬ್ಬ ವೀರ, ಉಳಿದವರೆಲ್ಲ ಅದನ್ನು ನೋಡಿದವರು. ಡೋಜನ್ ಕಲಿಸಿದ ವಿಧಾನದಲ್ಲಿ ಆ ಕೆಲಸವನ್ನು ಇನ್ನೊಬ್ಬನಿಗೆ ಒಪ್ಪಿಸಲು ಆಗುವುದೇ ಇಲ್ಲ.