ಹಿತ್ತಿಲ ಒಂದೆರಡು ಗುಂಟೆಗೆ ಟಿಲ್ಲರ್: ಕೊಳ್ಳೋದಾ, ಬಾಡಿಗೆಗೆ ತರೋದಾ?

ಸಾಗರ: ಮಳೆ ಹಿಂದೆ ಸರಿದು ಹಿತ್ತಿಲು ಒಣಗೋಕೆ ಶುರುವಾದರೆ ಸಾಕು, ಬೆಂಡೆ, ಬದನೆ, ಹರಿವೆ, ಮೂಲಂಗಿ ಓಳಿ ಹಾಕೋ ಮಾತು ಬರುತ್ತೆ. ಹಿಂದೆಲ್ಲ ಒಂದು ಆಳು ಕರೆದು ಒಂದೆರಡು ದಿನ ಗುದ್ದಲಿ ಹಾಕಿಸಿದರೆ ಕೆಲಸ ಮುಗೀತಿತ್ತು. ಈಗ ಅದೇ ಹೊತ್ತಿಗೆ ಅಡಿಕೆ ಕೊಯ್ಲು ಶುರುವಾಗಿರುತ್ತೆ, ಹಿತ್ತಿಲ ಕೆಲಸಕ್ಕೆ ಅಂತ ಆಳು ಬರೋದು ಕಷ್ಟ. ಅಷ್ಟರಲ್ಲಿ ಮೊಬೈಲ್ ತೆಗೆದರೆ ಸಣ್ಣ ಟಿಲ್ಲರ್ ಜಾಹೀರಾತು. ಮಣ್ಣು ಬೆಣ್ಣೆ ಹಾಗೆ ಪುಡಿಯಾಗೋ ವಿಡಿಯೋ. 'ಇಷ್ಟಕ್ಕೇ ಸಿಗುತ್ತಲ್ಲ' ಅಂತ ಅನ್ನಿಸೋದು ಸಹಜ.

ದುಡ್ಡು ಕೊಡೋ ಮೊದಲು ಒಂದು ಸಣ್ಣ ಲೆಕ್ಕ ಹಾಕಿ ನೋಡಬೇಕು.

ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ, ಒಟ್ಟು 1,089 ಚದರ ಅಡಿ. ಪೇಟೆಯ 30-40ರ ಖಾಲಿ ಸೈಟು ಇದಕ್ಕಿಂತ ಸ್ವಲ್ಪವೇ ದೊಡ್ಡದು. ಎರಡು ಅಡಿ ಅಗಲಕ್ಕೆ ಮಣ್ಣು ತಿರುವೋ ಸಾಧಾರಣ ವೀಡರ್ ಹಿಡಿದು ಇಷ್ಟು ಜಾಗದಲ್ಲಿ ಒಂದು ಸಾಲು ಹೊಡೆಯೋಕೆ ಸುಮಾರು 165 ಮೀಟರ್ ನಡೆಯಬೇಕು. ನಿಧಾನಕ್ಕೆ ನಡೆದರೂ ಏಳೆಂಟು ನಿಮಿಷ. ಅಡ್ಡಡ್ಡ ಇನ್ನೊಂದು ಸಾಲು, ಮೂಲೆಯಲ್ಲಿ ತಿರುಗಿಸೋದು, ಬ್ಲೇಡಿಗೆ ಸುತ್ತಿದ ಹುಲ್ಲು ಬಿಡಿಸೋದು ಎಲ್ಲ ಸೇರಿ ಅರ್ಧ ಗಂಟೆ ಇಟ್ಟುಕೊಳ್ಳಿ. ವರ್ಷಕ್ಕೆ ಎರಡು ಸಲ ಮಾಡಿದರೂ ಒಂದು ಗಂಟೆ ಕೆಲಸ. 40 ಸಾವಿರದ ಮಿಷನ್ ತಂದು ಹತ್ತು ವರ್ಷ ಇಟ್ಟುಕೊಂಡರೆ ಅದು ದುಡಿಯೋದು ಹತ್ತೇ ಗಂಟೆ. ಅಂದರೆ ಗಂಟೆಗೆ 4 ಸಾವಿರ ರೂಪಾಯಿ ಬಿತ್ತು. ಪೆಟ್ರೋಲ್, ಆಯಿಲ್, ರಿಪೇರಿ ಇದರಲ್ಲಿ ಸೇರಿಲ್ಲ. ಎರಡು ಗುಂಟೆ ಅಂತ ಹಿಡಿದರೂ ಗಂಟೆಗೆ 2 ಸಾವಿರ.

ಹಾಗಾಗಿ ಬರೀ ಮನೆ ತರಕಾರಿಗೆ ಅಂತಾದರೆ ಕೊಳ್ಳೋದು ನಷ್ಟದ ಬಾಬ್ತು. ಅರ್ಧ ಎಕರೆಗಿಂತ ಮೇಲೆ ತರಕಾರಿ ಬೆಳೆದು ಸಂತೆಗೆ ಹಾಕೋರು, ಶುಂಠಿ ಅಥವಾ ಜೋಳದ ಸಾಲಿನ ಮಧ್ಯೆ ಕಳೆ ತೆಗೆಯೋರು, ಊರಲ್ಲಿ ಬಾಡಿಗೆಗೆ ಬಿಡ್ತೀವಿ ಅನ್ನೋರು ತಗೊಂಡರೆ ಅದಕ್ಕೊಂದು ಅರ್ಥ ಇದೆ.

ಯಾವ ಮಿಷನ್, ಯಾವ ಕೆಲಸಕ್ಕೆ

ಟಿಲ್ಲರ್ ಅಂದ ಕೂಡಲೇ ಹಲವರ ಕಣ್ಣಿಗೆ ಬರೋದು ಗದ್ದೆ ಹೂಡೋ ದೊಡ್ಡ ಪವರ್ ಟಿಲ್ಲರ್. ಬೆಂಗಳೂರಿನ ವಿಎಸ್‌ಟಿ, ಕೇರಳದ ಕ್ಯಾಮ್ಕೊ ಕಂಪನಿಗಳ 12-13 ಎಚ್‌ಪಿ ಡೀಸೆಲ್ ಟಿಲ್ಲರ್‌ಗಳು ಈ ಭಾಗದ ಗದ್ದೆಗಳಲ್ಲಿ ಹಳೇ ಪರಿಚಯ. ಅದು ಹಿತ್ತಿಲಿಗಲ್ಲ. ಭಾರವೇ ಕ್ವಿಂಟಾಲ್‌ಗಟ್ಟಲೆ, ದಣಪೆ ದಾಟಿಸೋದೇ ಒಂದು ಸಾಹಸ. ಬೇಲಿ, ಬಾವಿಕಟ್ಟೆ, ಬಟ್ಟೆ ಒಗೆಯೋ ಕಲ್ಲು, ನಡುವೆ ಒಂದು ನುಗ್ಗೆಮರ ಇರೋ ಕಡೆ ಅದನ್ನು ತಿರುಗಿಸೋಕೆ ಜಾಗ ಸಾಲಲ್ಲ.

ಹಿತ್ತಿಲಿಗೆ ಹೊಂದೋದು ಪವರ್ ವೀಡರ್. ಐದರಿಂದ ಏಳು ಎಚ್‌ಪಿಯ ಪೆಟ್ರೋಲ್ ವೀಡರ್ ಮೇಲ್ಮಣ್ಣನ್ನು ನಾಲ್ಕರಿಂದ ಆರು ಇಂಚು ಸಡಿಲ ಮಾಡುತ್ತೆ. ಡೀಸೆಲ್ ವೀಡರ್ ಇನ್ನೂ ಗಟ್ಟಿ, ಬೆಲೆಯೂ ಭಾರವೂ ಹೆಚ್ಚು. ಎಲ್ಲಕ್ಕಿಂತ ಅಗ್ಗಕ್ಕೆ ಸಿಗೋದು ಟೂ ಸ್ಟ್ರೋಕ್ ಮಿನಿ ಟಿಲ್ಲರ್. ಒಮ್ಮೆ ಅಗೆದು ಮೆದುವಾದ ಮಣ್ಣಲ್ಲಿ ಅದು ಚೆನ್ನಾಗೇ ಓಡುತ್ತೆ. ಜಂಬಿಟ್ಟಿಗೆ ಚೂರು ತುಂಬಿರೋ, ವರ್ಷಗಟ್ಟಲೆ ಗುದ್ದಲಿ ಕಾಣದ ನೆಲದಲ್ಲಿ ಮೇಲೆ ಮೇಲೆ ಕುಣಿಯುತ್ತೆ ಅಷ್ಟೇ, ಕೈಯೆಲ್ಲ ಜುಮ್ಮೆನ್ನುತ್ತೆ. ವಿಡಿಯೋದಲ್ಲಿ ತೋರಿಸೋದು ಮೊದಲನೇ ಥರದ ಮಣ್ಣು.

ಅಡಿಕೆ ತೋಟ ಇರೋ ಮನೆಗಳಲ್ಲಿ ಕಳೆ ಹೊಡೆಯೋ ಮಿಷನ್ ಹೇಗೂ ಇರುತ್ತೆ. ಅದರ ತುದಿಗೆ ಹಾಕೋ ಟಿಲ್ಲರ್ ಅಟ್ಯಾಚ್‌ಮೆಂಟ್ ಸಿಗುತ್ತೆ. ಎಂಜಿನ್ ಶಕ್ತಿ ಸಾಲುತ್ತಾ, ಶಾಫ್ಟ್ ಅಳತೆ ಹೊಂದುತ್ತಾ ಅಂತ ಅಂಗಡಿಯಲ್ಲೇ ಜೋಡಿಸಿ ನೋಡಿ ತಗೊಂಡರೆ ನಾಲ್ಕು ಓಳಿಗೆ ಅದು ಸಾಕು. ಆದರೆ ಅದನ್ನೇ ಅಡಿಕೆ ಮರದ ಬುಡಕ್ಕೂ ಹಾಕೋಕೆ ಹೋಗಬೇಡಿ. ಅಡಿಕೆಯ ಬೇರು ಆಳಕ್ಕಿಳಿಯದೆ ಮೇಲ್ಮಣ್ಣಲ್ಲೇ ಹರಡಿರುತ್ತೆ, ಬ್ಲೇಡ್ ತಾಗಿದರೆ ಪೆಟ್ಟು ಬೀಳೋದು ಅಲ್ಲಿಗೇ.

ಬಾಡಿಗೆಗೆ ಎಲ್ಲಿ, ಏನು ಕೇಳಬೇಕು

ಸರ್ಕಾರದ ಕೃಷಿ ಯಂತ್ರಧಾರೆ ಕೇಂದ್ರಗಳು ರಾಜ್ಯದಲ್ಲಿ ಶುರುವಾಗಿದ್ದು 2014-15ರಲ್ಲಿ. ಹೋಬಳಿ ಮಟ್ಟದಲ್ಲಿ ಸಂಘ-ಸಂಸ್ಥೆಗಳ ಮೂಲಕ ನಡೆಯುತ್ತವೆ. ಟ್ರ್ಯಾಕ್ಟರ್, ಟಿಲ್ಲರ್, ನಾಟಿ ಯಂತ್ರ ಬಾಡಿಗೆಗೆ ಕೊಡೋದು ಇವುಗಳ ಕೆಲಸ. ಸಣ್ಣ ವೀಡರ್ ಎಲ್ಲ ಕೇಂದ್ರದಲ್ಲೂ ಖಾಲಿ ಇರುತ್ತೆ ಅಂತ ನಂಬಿಕೊಂಡು ಹೋಗೋದಕ್ಕಿಂತ ಫೋನ್ ಮಾಡಿ ಹೋಗೋದು ಒಳ್ಳೇದು. ಫೋನ್ ನಂಬರ್ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಬಹುದು. ಇದಲ್ಲದೆ ಸ್ವಂತ ಮಿಷನ್ ಇಟ್ಟು ಬಾಡಿಗೆ ಹೊಡೆಯೋ ಹುಡುಗರು ಹಲವು ಊರಲ್ಲಿದ್ದಾರೆ.

ಜಗಳ ಆಗೋದು ಬಾಡಿಗೆ ದರದ ಮೇಲಲ್ಲ, ಲೆಕ್ಕ ಎಲ್ಲಿಂದ ಶುರು ಅನ್ನೋದರ ಮೇಲೆ. ಮಿಷನ್ ಅವರ ಮನೆ ಬಿಟ್ಟ ಹೊತ್ತಿಂದಲೋ, ಹಿತ್ತಿಲಲ್ಲಿ ಎಂಜಿನ್ ಹೊತ್ತಿಸಿದ ಹೊತ್ತಿಂದಲೋ? ಅರ್ಧ ಗಂಟೆಯ ಕೆಲಸಕ್ಕೆ ಕನಿಷ್ಠ ಎಷ್ಟು ಕೊಡಬೇಕು? ಎಣ್ಣೆ ಯಾರದ್ದು? ಕಲ್ಲಿಗೆ ಹೊಡೆದು ಬ್ಲೇಡ್ ಮುರಿದರೆ ಯಾರ ತಲೆಗೆ? ಓಡಿಸೋರು ಜೊತೆಗೆ ಬರ್ತಾರಾ? ಇಷ್ಟನ್ನು ಮೊದಲೇ ಮಾತಾಡಿಕೊಂಡರೆ ಆಮೇಲೆ ಮುಖ ಮುರಿದುಕೊಳ್ಳೋದು ತಪ್ಪುತ್ತೆ. ಕಲಿಯದವರು ಬರೀ ಮಿಷನ್ ತರೋದಕ್ಕಿಂತ ಓಡಿಸೋರ ಸಮೇತ ಕರೆಸೋದು ಲೇಸು, ನೂರಿನ್ನೂರು ಹೆಚ್ಚಾದರೂ.

ಒಂದೇ ಕೇರಿಯ ನಾಲ್ಕು ಮನೆಯವರು ಒಟ್ಟಿಗೆ ಒಂದೇ ದಿನ ಕರೆಸಿದರೆ ಸಾಗಣೆ ಖರ್ಚು ಹಂಚಿಹೋಗುತ್ತೆ. ಬಾಡಿಗೆಯವರಿಗೂ ಅದೇ ಇಷ್ಟ. ಒಂದು ಗುಂಟೆಗೆ ಅಂತ ಹತ್ತು ಕಿಲೋಮೀಟರ್ ಗಾಡಿ ಹಾಕಿಕೊಂಡು ಬರೋಕೆ ಯಾರಿಗೂ ಮನಸ್ಸಿರಲ್ಲ.

ಸಬ್ಸಿಡಿ ಯಾರಿಗೆ

ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ವರ್ಗದ ರೈತರಿಗೆ ಶೇ. 50, ಪರಿಶಿಷ್ಟ ಜಾತಿ-ಪಂಗಡದ ರೈತರಿಗೆ ಶೇ. 90ರ ತನಕ ಸಹಾಯಧನ ಇದೆ. ಅದಕ್ಕೆ ಗರಿಷ್ಠ ಮಿತಿಯೂ ಇದೆ, ಅನುದಾನ ಇದ್ದಷ್ಟು ಮಂದಿಗೆ ಮಾತ್ರ ಸಿಗುತ್ತೆ. ಇಲ್ಲೊಂದು ವಿಷಯ ಪೇಟೆಯವರು ತಿಳಿದಿರಬೇಕು. ಅರ್ಜಿಗೆ ಫ್ರೂಟ್ಸ್ ಐಡಿ ಬೇಕು, ಆ ಐಡಿ ಆಗೋದು ಪಹಣಿಯ ಮೇಲೆ. ಬರೀ ಮನೆ ಸೈಟಿನ ಖಾತೆ ಇದ್ದರೆ ಆಗಲ್ಲ. ಮನೆ ಹಿಂದಿನ ತರಕಾರಿಗೆ ಅಂತ ಸಬ್ಸಿಡಿ ನೆಚ್ಚಿಕೊಂಡು ಅಂಗಡಿಗೆ ಮುಂಗಡ ಕೊಟ್ಟರೆ ಸಿಕ್ಕಿಬೀಳ್ತೀರಿ. ಅರ್ಹತೆ ಇದ್ದವರು ಕೂಡ ಯೋಜನೆಯಲ್ಲಿ ತಾವು ಕಟ್ಟಬೇಕಾದ ಮೊತ್ತ ಎಷ್ಟು, ಅದೇ ಮಾಡೆಲ್ ಹೊರಗೆ ಎಷ್ಟು ಅಂತ ಎರಡನ್ನೂ ಎದುರೆದುರು ಇಟ್ಟು ನೋಡಬೇಕು.

2025ರ ಸೆಪ್ಟೆಂಬರ್ 22ರಿಂದ ಉಳುಮೆ ಯಂತ್ರಗಳ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಅಂಗಡಿಯವರು ಹಳೇ ಪಟ್ಟಿ ತೋರಿಸಿದರೆ ಬಿಲ್‌ನಲ್ಲಿ ತೆರಿಗೆ ಎಷ್ಟು ಅಂತ ಕೇಳಿ.

ಆನ್‌ಲೈನ್‌ನಲ್ಲಿ ಸಾವಿರ ಎರಡು ಸಾವಿರ ಕಡಿಮೆ ಸಿಗಬಹುದು. ಆದರೆ ಬೆಲ್ಟ್ ತುಂಡಾದ ದಿನ, ಸ್ಟಾರ್ಟರ್ ಹಗ್ಗ ಕೈಗೆ ಬಂದ ದಿನ ಪಾರ್ಟ್ಸ್ ಎಲ್ಲಿ? ತಾಲ್ಲೂಕಿನಲ್ಲಿ ರಿಪೇರಿ ಮಾಡೋರಿಲ್ಲದ ಬ್ರ್ಯಾಂಡ್ ತಂದು ಕೊಟ್ಟಿಗೆಯಲ್ಲಿ ಮೂಲೆಗೆ ಹಾಕಿದರೆ ಉಳಿಸಿದ ದುಡ್ಡಿಗೆ ಬೆಲೆ ಇಲ್ಲ. ಪೇಟೆಯ ಅಂಗಡಿಯವರಿಗೂ ಇದರಲ್ಲಿ ವ್ಯಾಪಾರ ಇದೆ. ಬ್ಲೇಡ್, ಬೋಲ್ಟ್, ಪ್ಲಗ್, ಬೆಲ್ಟ್ ಇಟ್ಟುಕೊಂಡು, ಒಂದು ಮಿಷನ್ ಬಾಡಿಗೆಗೂ ಬಿಟ್ಟರೆ ಗಿರಾಕಿ ತಾನಾಗೇ ಬರ್ತಾರೆ. ಬಾಡಿಗೆಗೆ ಓಡಿಸಿ ನೋಡಿದವನು ಮುಂದೆ ಕೊಳ್ಳೋದೂ ಅಲ್ಲೇ.

ಹೊಸ ಮಿಷನ್ ತಂದವರು ಮಾಡೋ ದೊಡ್ಡ ಅನಾಹುತ ಆಯಿಲ್‌ದು. ಫೋರ್ ಸ್ಟ್ರೋಕ್ ಎಂಜಿನ್ ಸಾಮಾನ್ಯವಾಗಿ ಆಯಿಲ್ ಇಲ್ಲದೇ ಪೆಟ್ಟಿಗೆಯಲ್ಲಿ ಬರುತ್ತೆ. ಹಾಕದೇ ಹೊತ್ತಿಸಿದರೆ ಮೊದಲ ದಿನವೇ ಎಂಜಿನ್ ಸೀಜ್. ಟೂ ಸ್ಟ್ರೋಕ್ ಆದರೆ ಪೆಟ್ರೋಲಿಗೇ ಆಯಿಲ್ ಬೆರೆಸಬೇಕು, ಎಷ್ಟು ಅನ್ನೋದು ಪುಸ್ತಕದಲ್ಲಿ ಇರುತ್ತೆ. ಕೆಲಸ ಮುಗಿದು ತಿಂಗಳುಗಟ್ಟಲೆ ಇಡೋದಾದರೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರ್‌ನಲ್ಲಿ ಉಳಿದದ್ದು ಸುಟ್ಟು ತಾನೇ ನಿಲ್ಲೋ ತನಕ ಓಡಿಸಿ ಇಡಿ. ಈಗಿನ ಎಥೆನಾಲ್ ಬೆರೆತ ಪೆಟ್ರೋಲ್ ತೇವ ಹೀರುತ್ತೆ, ಮಲೆನಾಡಿನ ಮಳೆಗಾಲದಲ್ಲಿ ಕೇಳೋದೇ ಬೇಡ.

ಹದ ನೋಡಿ ಇಳಿಸಿ

ಎಂಥ ಮಿಷನ್ ಇದ್ದರೂ ಮಣ್ಣು ಹದ ಇಲ್ಲದಿದ್ದರೆ ಕೆಲಸ ಕೆಡುತ್ತೆ. ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿ. ಬೆರಳಲ್ಲಿ ತಟ್ಟಿದರೆ ಪುಡಿಯಾಗಿ ಬಿದ್ದರೆ ಹದ ಸರಿ ಇದೆ. ಅಂಟಿಕೊಂಡೇ ಉಳಿದರೆ ಇನ್ನೆರಡು ದಿನ ಕಾಯಬೇಕು. ಹಸಿಯಲ್ಲೇ ಹೊಡೆದರೆ ಮಣ್ಣು ಹೆಂಟೆಯಾಗಿ ಒಣಗಿ ಇಟ್ಟಿಗೆ ಆಗುತ್ತೆ, ಬ್ಲೇಡ್ ಸವರಿದ ಆಳದಲ್ಲಿ ಗಟ್ಟಿ ಪದರ ಕೂರುತ್ತೆ, ನೀರು ಇಳಿಯಲ್ಲ. ಉಂಡೆಯೇ ಕಟ್ಟದಷ್ಟು ಒಣಗಿದ್ದರೆ ಹಿಂದಿನ ಸಂಜೆ ನೀರು ಬಿಡಬೇಕು. ಬಾಡಿಗೆಯವರು 'ಇವತ್ತು ಈ ಕಡೆ ಬಂದಿದ್ದೀವಿ, ಹೊಡೆದು ಹೋಗ್ತೀವಿ' ಅಂದರೂ ಹಸಿ ಮಣ್ಣಿಗೆ ಇಳಿಸಬೇಡಿ.

ಗರಿಕೆ, ಜೇಕು ಇರೋ ಜಾಗದಲ್ಲಿ ಇನ್ನೊಂದು ತಾಪತ್ರಯ. ಬ್ಲೇಡ್ ಅವನ್ನು ಕೊಲ್ಲಲ್ಲ, ತುಂಡು ಮಾಡಿ ಇಡೀ ಹಿತ್ತಿಲಿಗೆ ಹಂಚುತ್ತೆ. ಒಂದೊಂದು ತುಂಡೂ ಚಿಗುರುತ್ತೆ. ಅಂಥ ಕಡೆ ಮೊದಲು ಪಿಕಾಸಿಯಲ್ಲಿ ಕಿತ್ತು ಗಡ್ಡೆ ಆರಿಸಿಯೇ ಟಿಲ್ಲರ್ ತರಬೇಕು.

ಇಳಿಸೋ ಮುಂಚೆ ನೆಲ ಒಮ್ಮೆ ನಡೆದು ನೋಡಿ. ಒಡೆದ ಬಾಟಲಿ, ತಂತಿ, ಪ್ಲಾಸ್ಟಿಕ್ ಹಗ್ಗ ಆರಿಸಿ. ನೀರಿನ ಪೈಪು, ಮೋಟಾರಿನ ಕೇಬಲ್ ಎಲ್ಲಿ ಹೋಗಿದೆ ಅಂತ ಹಿರಿಯರನ್ನು ಕೇಳಿ ಕೋಲು ನೆಡಿ. ಪಂಚೆ, ಲುಂಗಿ, ಜೋತಾಡೋ ವೇಲ್ ಬೇಡ, ಗಟ್ಟಿ ಶೂ ಇರಲಿ. ಹೆಚ್ಚು ಅಪಾಯ ಇರೋದು ಹಿಂದಕ್ಕೆ ಓಡಿಸೋವಾಗ. ಎಡವಿ ಬಿದ್ದರೆ ಬ್ಲೇಡ್ ನೇರ ಕಾಲ ಮೇಲೇ ಬರುತ್ತೆ. ಕೈ ಬಿಟ್ಟ ಕೂಡಲೇ ಬ್ಲೇಡ್ ನಿಲ್ಲಿಸೋ ಕ್ಲಚ್ ಲಿವರ್ ಇರೋದು ಅದಕ್ಕೇ. ಕೈ ನೋಯುತ್ತೆ ಅಂತ ಆ ಲಿವರ್‌ಗೆ ದಾರ ಕಟ್ಟಿದ ಮಿಷನ್ ಬಾಡಿಗೆಗೆ ಬಂದರೆ ಬಿಚ್ಚಿಸಿ, ಇಲ್ಲಾ ವಾಪಸ್ ಕಳಿಸಿ. ಸುತ್ತಿದ ಹುಲ್ಲು ತೆಗೆಯೋವಾಗ ಎಂಜಿನ್ ಪೂರ್ತಿ ಆಫ್ ಆಗಿರಬೇಕು.

ಹೊಡೆದು ಮುಗಿದ ಮೇಲೆ ಕೊಟ್ಟಿಗೆ ಗೊಬ್ಬರ ಹರಡಿ, ಮೂರರಿಂದ ನಾಲ್ಕು ಅಡಿ ಅಗಲಕ್ಕೆ ಓಳಿ ಏರಿಸಿ, ನಡುವೆ ಕಾಲುದಾರಿ ಬಿಡಿ. ತಕ್ಷಣ ಬೀಜ ಹಾಕದೆ ಹತ್ತು ದಿನ ನೀರು ಚಿಮುಕಿಸಿ ಬಿಟ್ಟರೆ ಕಳೆ ಬೀಜ ಮೊದಲು ಮೊಳೆಯುತ್ತೆ, ಅದನ್ನು ಕೆರೆದು ಹಾಕಿ ಬಿತ್ತಬಹುದು. ಓಳಿಯ ಮೇಲೆ ಕಾಲಿಡದೆ ಕಾಪಾಡಿಕೊಂಡರೆ ಮುಂದಿನ ವರ್ಷ ಅದೇ ಮಣ್ಣಿಗೆ ಕೈಗುದ್ದಲಿ ಸಾಕು, ಬಾಡಿಗೆ ಮಿಷನ್ನೂ ಬೇಕಾಗಲ್ಲ.