ಪ್ಯಾಂಟಿನ ಯೋಕ್, ಕಾರಿನ ಬಾನೆಟ್

ಬಳ್ಳಾರಿ ನಗರದಿಂದ 30 ಕಿಲೋಮೀಟರ್ ಆಸುಪಾಸಿನ ತೋರಣಗಲ್ಲಿನಲ್ಲಿ ಉಕ್ಕಿನ ತಗಡು ಸುರುಳಿ ಸುರುಳಿಯಾಗಿ ಹೊರಬೀಳುತ್ತದೆ. ಜೆಎಸ್‌ಡಬ್ಲ್ಯು ಕಾರ್ಖಾನೆಯ ಈ ತಗಡಿನಲ್ಲಿ ಒಂದು ಪಾಲು ಕಾರು ತಯಾರಕರಿಗೆ ಹೋಗುತ್ತದೆ. ಬಳ್ಳಾರಿಯ ಕೌಲ್ ಬಜಾರಿನ ಕಡೆ ಬಂದರೆ ಇನ್ನೊಂದು ಬಗೆಯ ಸುರುಳಿ ಕಾಣುತ್ತದೆ, ಅಹಮದಾಬಾದಿನಂಥ ದೂರದ ಊರುಗಳ ಗಿರಣಿಗಳಿಂದ ಲಾರಿಯೇರಿ ಬಂದ ನೀಲಿ ಡೆನಿಮ್. ಅದು ಗಾಡಿಯ ಬಾಗಿಲಾಗುತ್ತದೆ, ಇದು ಜೀನ್ಸ್ ಪ್ಯಾಂಟಾಗುತ್ತದೆ. ಕತ್ತರಿಸುವ ಮುನ್ನ ಬಿಡಿಸಬೇಕಾದ ಲೆಕ್ಕ ಮಾತ್ರ ಎರಡಕ್ಕೂ ಹೆಚ್ಚುಕಡಿಮೆ ಒಂದೇ.

ಬಳ್ಳಾರಿಗೆ ಹೊಲಿಗೆ ಹೊಸದಲ್ಲ. ಬ್ರಿಟಿಷರ ದಂಡು ಬೀಡುಬಿಟ್ಟಿದ್ದ ಊರಿದು. ಮೊದಲ ಮಹಾಯುದ್ಧದ ಕಾಲದಲ್ಲಿ ಸೈನಿಕರ ಸಮವಸ್ತ್ರ ಹೊಲಿಯಲು ಮರಾಠಿ ಮಾತಾಡುವ ದರ್ಜಿ ಕುಟುಂಬಗಳು ಇಲ್ಲಿಗೆ ವಲಸೆ ಬಂದವೆಂದು ಹೇಳುತ್ತಾರೆ. ಸ್ವಾತಂತ್ರ್ಯದ ನಂತರ ಶಾಲಾ ಮಕ್ಕಳ ಯೂನಿಫಾರ್ಮ್, ಆಮೇಲೆ ಜೀನ್ಸ್. ಈಗ ಕೆಲಸ ಹರಿದು ಹಂಚಿಹೋಗಿದೆ: ಕಟಿಂಗ್ ಒಂದು ಕಡೆ, ಜಾಬ್ ವರ್ಕ್ ಹೊಲಿಗೆ ಮನೆಮನೆಗಳಲ್ಲಿ, ವಾಷಿಂಗ್ ಇನ್ನೊಂದು ಕಡೆ. ಇಡೀ ಸಾಲಿನಲ್ಲಿ ಅತಿ ದುಬಾರಿ ತಪ್ಪು ಆಗುವುದು ಕಟಿಂಗ್ ಮೇಜಿನ ಮೇಲೆ. ಹೊಲಿಗೆ ತಪ್ಪಿದರೆ ಬಿಚ್ಚಬಹುದು. ಹತ್ತಾರು ಪದರ ಒಟ್ಟಿಗೆ ಕತ್ತರಿಸಿದ ಬಟ್ಟೆಯನ್ನು ಕೂಡಿಸಲಾಗದು. ಕ್ಯಾಡ್, ಅಂದರೆ ಕಂಪ್ಯೂಟರ್ ನೆರವಿನ ವಿನ್ಯಾಸ, ಗಾರ್ಮೆಂಟ್ ಲೋಕಕ್ಕೆ ಕಾಲಿಟ್ಟದ್ದು ಈ ಭಯದ ಬಾಗಿಲಿನಿಂದಲೇ.

ಆದರೆ ಅದು ಹುಟ್ಟಿದ ಮನೆ ಬೇರೆ. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಸಂಶೋಧನೆ ಮಾಡುತ್ತಿದ್ದ ಐವನ್ ಸದರ್‌ಲ್ಯಾಂಡ್ 'ಸ್ಕೆಚ್‌ಪ್ಯಾಡ್' ಎಂಬ ತಂತ್ರಾಂಶ ರೂಪಿಸಿದ. ಬೆಳಕಿನ ಪೆನ್ನಿನಿಂದ ಪರದೆಯ ಮೇಲೆ ಗೆರೆ ಎಳೆಯಬಹುದಿತ್ತು ಎಂಬುದನ್ನೇ ಎಲ್ಲರೂ ಹೊಗಳುತ್ತಾರೆ. ನಿಜವಾದ ಜಾಣ್ಮೆ ಅದರಲ್ಲಿರಲಿಲ್ಲ. 'ಈ ಎರಡು ಗೆರೆ ಸದಾ ಸಮಾನಾಂತರವಾಗಿರಲಿ', 'ಈ ಮೂಲೆ ಲಂಬವಾಗಿಯೇ ಉಳಿಯಲಿ' ಎಂದು ಸಂಬಂಧಗಳನ್ನು ಹೇಳಿಕೊಟ್ಟರೆ ಯಂತ್ರ ಅವನ್ನು ನೆನಪಿಟ್ಟುಕೊಳ್ಳುತ್ತಿತ್ತು. ಒಂದು ಅಳತೆ ಬದಲಿಸಿದರೆ ಉಳಿದದ್ದು ತಾನಾಗಿ ಸರಿಹೊಂದುತ್ತಿತ್ತು. 32ರ ಸೊಂಟಕ್ಕೆ ಮಾಡಿದ ಪ್ಯಾಟರ್ನ್‌ನಿಂದ 28, 30, 34, 36 ಎಲ್ಲವನ್ನೂ ಹೊರಡಿಸುವ ಇಂದಿನ ಗ್ರೇಡಿಂಗ್ ಕೆಲಸಕ್ಕೂ ಇಂಥದೇ ಯೋಚನೆ ಬೇಕು. ಪ್ಯಾಟರ್ನ್‌ನ ಕೆಲವು ಬಿಂದುಗಳಿಗೆ ಮಾತ್ರ 'ಪ್ರತಿ ಸೈಜಿಗೆ ಇಷ್ಟು ಅಡ್ಡ, ಇಷ್ಟು ಉದ್ದ ಸರಿ' ಎಂಬ ನಿಯಮ ಕೊಟ್ಟರೆ ಸಾಕು. ರಟ್ಟಿನ ಮಾದರಿಗಳನ್ನು ಸೈಜಿಗೊಂದರಂತೆ ಕೈಯಲ್ಲಿ ಕತ್ತರಿಸಿದವರಿಗೆ ಇದರ ಬೆಲೆ ಗೊತ್ತು.

ಇನ್ನು ಬಾಗು ಗೆರೆ. ಪ್ಯಾಂಟಿನ ಮುಂದಿನ ಜಿಪ್ ಪಟ್ಟಿಯ ಕೆಳಗಿಂದ ಕಾಲ್ಸಂದಿಗೆ ಇಳಿಯುವ ತಿರುವು ಸರಿಯಿಲ್ಲದಿದ್ದರೆ ಎಂಥ ಡೆನಿಮ್ ಆದರೂ ಕೂತಾಗ ಹಿಡಿಯುತ್ತದೆ. ಕಟಿಂಗ್ ಮಾಸ್ಟರ್‌ಗಳು ಅದನ್ನು ಹಿಪ್ ಕರ್ವ್ ಸ್ಕೇಲ್ ಇಟ್ಟು, ಕೈಯಂದಾಜಿನಲ್ಲಿ ಬರೆಯುತ್ತಿದ್ದರು. ಫ್ರಾನ್ಸಿನ ಕಾರು ತಯಾರಕರಿಗೂ ಇದೇ ತಲೆನೋವಿತ್ತು: ಬಾನೆಟ್ಟಿನ ಇಳಿಜಾರನ್ನು ಜೇಡಿಮಣ್ಣಿನ ಮಾದರಿಯಿಂದ ಅಚ್ಚಿಗೆ ದಾಟಿಸುವಷ್ಟರಲ್ಲಿ ಆಕಾರ ಕೆಡುತ್ತಿತ್ತು. ಸಿಟ್ರೋಯೆನ್ ಕಂಪನಿಯ ಪಾಲ್ ಡಿ ಕಾಸ್ಟೆಲ್ಜೋ ಮತ್ತು ರೆನೊ ಕಂಪನಿಯ ಪಿಯರ್ ಬೆಜಿಯೆ ಬೇರೆ ಬೇರೆಯಾಗಿ ಒಂದೇ ಪರಿಹಾರಕ್ಕೆ ತಲುಪಿದರು. ಡಿ ಕಾಸ್ಟೆಲ್ಜೋ ಮೊದಲಿಗ. ಅವನ ಕಂಪನಿ ಗುಟ್ಟು ಬಿಟ್ಟುಕೊಡದ ಕಾರಣ ಹೆಸರು ಬೆಜಿಯೆಗೆ ಹೋಯಿತು. ನಾಲ್ಕು ಬಿಂದು ಇಡಿ. ಗೆರೆ ಮೊದಲನೆಯದರಲ್ಲಿ ಹುಟ್ಟಿ ಕೊನೆಯದರಲ್ಲಿ ಮುಗಿಯುತ್ತದೆ. ನಡುವಿನ ಎರಡು ಅದನ್ನು ಮುಟ್ಟದೆ ತಮ್ಮತ್ತ ಸೆಳೆಯುತ್ತವೆ. ಅಷ್ಟೇ ಸೂತ್ರ. ಗಾರ್ಮೆಂಟ್ ತಂತ್ರಾಂಶದಲ್ಲಿ ಕಾಲ್ಸಂದಿಯ ತಿರುವನ್ನು ಮೌಸ್‌ನಿಂದ ಎಳೆದು ತಿದ್ದುವಾಗ ಕೈಗೆ ಸಿಗುವುದು ಇಂಥ ಬಿಂದುಗಳೇ.

ಜೀನ್ಸ್‌ನ ಹಿಂಬದಿಯಲ್ಲಿ, ಬೆಲ್ಟಿನ ಕೆಳಗೆ, ಅಗಲವಾದ V ಆಕಾರದ ಪಟ್ಟಿಯೊಂದಿದೆ. ಯೋಕ್ ಅನ್ನುತ್ತಾರೆ. ಬಹಳ ಜನ ಅದನ್ನು ಅಲಂಕಾರ ಎಂದುಕೊಂಡಿದ್ದಾರೆ. ಅಲ್ಲ. ಕುಂಬಳಕಾಯಿಗೆ ಹಾಳೆ ಸುತ್ತಲು ಹೋದರೆ ಮಡಿಕೆ ಬಿದ್ದೇ ಬೀಳುತ್ತದೆ. ಎರಡೂ ದಿಕ್ಕಿಗೆ ಬಾಗಿದ ಮೈಯನ್ನು ಹಿಗ್ಗಿಸದೆ, ಕುಗ್ಗಿಸದೆ ಚಪ್ಪಟೆ ಮಾಡಲಾಗದೆಂದು ಗಣಿತಜ್ಞ ಗೌಸ್ 1827ರಷ್ಟು ಹಿಂದೆಯೇ ತೋರಿಸಿದ್ದ. ಮನುಷ್ಯನ ಸೊಂಟದ ಹಿಂಭಾಗ ಅಂಥದೇ ಮೈ. ಫಾರ್ಮಲ್ ಪ್ಯಾಂಟಿನಲ್ಲಿ ಹೆಚ್ಚುವರಿ ಬಟ್ಟೆಯನ್ನು ಡಾರ್ಟ್, ಅಂದರೆ ಮೊನಚಾದ ಮಡಿಕೆ, ಹಿಡಿದು ಹೊಲಿಯುತ್ತಾರೆ. ದಪ್ಪ ಡೆನಿಮ್‌ನಲ್ಲಿ ಡಾರ್ಟ್ ಗಂಟಿನಂತೆ ಉಬ್ಬುತ್ತದೆ. ಅದಕ್ಕೇ ಬಟ್ಟೆಯನ್ನು ಅಡ್ಡಡ್ಡ ತುಂಡು ಮಾಡಿ, ಕೂಡುವ ಎರಡು ಅಂಚುಗಳಿಗೆ ಬೇರೆ ಬೇರೆ ಬಾಗು ಕೊಟ್ಟು, ಹೊಲಿಗೆಯೊಳಗೇ ಡಾರ್ಟನ್ನು ಅಡಗಿಸುತ್ತಾರೆ. ಸೂತ್ರ ಬರೆಯದೆ ಗೌಸ್‌ನ ಲೆಕ್ಕವನ್ನು ಬಗೆಹರಿಸಿದವರು ದರ್ಜಿಗಳು. ಮೂರು ಆಯಾಮದ ಇಂದಿನ ವಸ್ತ್ರ ತಂತ್ರಾಂಶಗಳು ಬಟ್ಟೆಯನ್ನು ಸಾವಿರಾರು ತ್ರಿಕೋನಗಳ ಬಲೆಯಾಗಿ ಒಡೆದು, ಪ್ರತಿಯೊಂದರ ಎಳೆತ, ಬಾಗು, ಭಾರ ಲೆಕ್ಕ ಹಾಕಿ, ಪರದೆಯ ಮೇಲಿನ ಗೊಂಬೆಗೆ ಪ್ಯಾಂಟ್ ತೊಡಿಸಿ ತೋರಿಸುತ್ತವೆ. ಬಿಗಿಯಾದ ಕಡೆ ಕೆಂಪು, ಸಡಿಲವಾದ ಕಡೆ ನೀಲಿ. ಸ್ಯಾಂಪಲ್ ಹೊಲಿಯುವ ಮೊದಲೇ ಯೋಕ್ ಎಲ್ಲಿ ತಪ್ಪಿದೆಯೆಂದು ತಿಳಿಯುತ್ತದೆ.

ಈ ದರ್ಜಿ ವಿದ್ಯೆ ಕರ್ನಾಟಕದಲ್ಲೇ ಆಕಾಶಕ್ಕೂ ಏರಿದೆ. 2001ರ ಜನವರಿ 4ರಂದು ಬೆಂಗಳೂರಿನಿಂದ ಮೊದಲ ಬಾರಿ ಹಾರಿದ ಲಘು ಯುದ್ಧ ವಿಮಾನ, ಮುಂದೆ 'ತೇಜಸ್' ಎನಿಸಿಕೊಂಡದ್ದು, ತನ್ನ ಒಡಲಿನ ತೂಕದಲ್ಲಿ ನೂರಕ್ಕೆ ಸುಮಾರು 45 ಪಾಲು ಇಂಗಾಲದ ನಾರಿನಂಥ ಸಂಯುಕ್ತ ವಸ್ತುಗಳಿಂದಾದದ್ದು. ನಾರಿನ ಹಾಳೆಗಳನ್ನು ಪದರ ಪದರವಾಗಿ ಬಾಗಿದ ಅಚ್ಚಿನ ಮೇಲೆ ಹಾಸಬೇಕು. ಪ್ರತಿ ಪದರದ ಎಳೆ ಯಾವ ದಿಕ್ಕಿಗಿದೆ ಎಂಬುದರ ಮೇಲೆ ರೆಕ್ಕೆಯ ಬಲ ನಿಂತಿದೆ. ಈ ಪದರಗಳ ವಿನ್ಯಾಸಕ್ಕೆಂದು ಬೆಂಗಳೂರಿನ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ 'ಆಟೋಲೇ' ಎಂಬ ತಂತ್ರಾಂಶವನ್ನು ಸ್ವತಃ ಬರೆಯಿತು. ಏರ್‌ಬಸ್ ಕಂಪನಿಯೂ ಅದರ ಪರವಾನಗಿ ಪಡೆಯಿತು. ಕ್ಯಾಡ್ ಎಂದರೆ ಹೊರದೇಶದಿಂದ ಕೊಂಡು ತರುವ ಸರಕು ಎಂದೇ ನಂಬಿರುವ ನಮ್ಮ ಎಂಜಿನಿಯರಿಂಗ್ ತರಗತಿಗಳಲ್ಲಿ ಈ ಸಂಗತಿ ಇನ್ನಷ್ಟು ಕೇಳಿಬರಬೇಕಿತ್ತು. ಅದೇ 2001ರಲ್ಲಿ ಬೆಂಗಳೂರಿನ ರೇವಾ ಕಂಪನಿ ತಂದ ಪುಟ್ಟ ವಿದ್ಯುತ್ ಕಾರು ಇನ್ನೊಂದು ದಾರಿ ಹಿಡಿದಿತ್ತು. ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ. ತಗಡು ಒತ್ತುವ ದೈತ್ಯ ಪ್ರೆಸ್ಸಿನ ಹಂಗೇ ಬೇಡವಾಯಿತು.

ಕಟಿಂಗ್ ಮೇಜಿಗೆ ಮರಳೋಣ. ಒಂದು ಜೀನ್ಸ್‌ಗೆ ಮುಂಭಾಗ, ಹಿಂಭಾಗ, ಯೋಕ್, ಜೇಬು, ಬೆಲ್ಟ್, ಲೂಪ್ ಎಂದು ಹತ್ತಾರು ತುಂಡು. ಹಲವು ಸೈಜಿನ ತುಂಡುಗಳನ್ನು ಡೆನಿಮ್ ಅಗಲದೊಳಗೆ ಸಂದಿಯಿಲ್ಲದಂತೆ ಕೂರಿಸಿದ ನಕ್ಷೆಗೆ ಮಾರ್ಕರ್ ಎನ್ನುತ್ತಾರೆ. ತುಂಡುಗಳನ್ನು ಬೇಕಾದ ಹಾಗೆ ತಿರುಗಿಸುವಂತಿಲ್ಲ: ಹಾಸಿನ ಎಳೆ ಕಾಲಿನುದ್ದಕ್ಕೆ ಓರೆಯಾಗಿ ಬಿದ್ದರೆ ಒಗೆದ ಮೇಲೆ ಪ್ಯಾಂಟಿನ ಕಾಲು ತಿರುಚಿಕೊಳ್ಳುತ್ತದೆ. ಉಕ್ಕಿಗೂ ರೋಲಿಂಗ್ ದಿಕ್ಕಿದೆ, ಇಂಗಾಲದ ನಾರಿಗೂ ದಿಕ್ಕಿದೆ. ಮೂರರಲ್ಲೂ ಜೋಡಿಸುವವರ ಕೈ ಕಟ್ಟಿಹಾಕುವುದು ಇದೇ. ತುಂಡುಗಳ ಸಂಖ್ಯೆ ಏರಿದಂತೆ ಜೋಡಣೆಯ ಸಾಧ್ಯತೆಗಳು ಎಷ್ಟು ಬೆಳೆಯುತ್ತವೆಂದರೆ, ಎಲ್ಲವನ್ನೂ ಪರೀಕ್ಷಿಸಿ ಅತ್ಯುತ್ತಮವಾದುದನ್ನು ಆರಿಸುವುದು ಯಾವ ಕಂಪ್ಯೂಟರಿಗೂ ಆಗದ ಮಾತು. ತಂತ್ರಾಂಶ ಒಂದು ಜೋಡಣೆಯಿಂದ ಶುರುಮಾಡಿ, ಕದಲಿಸುತ್ತಾ, ಸಿಕ್ಕಿದ್ದರಲ್ಲಿ ಒಳ್ಳೆಯದನ್ನು ಉಳಿಸಿಕೊಳ್ಳುತ್ತಾ ಹೋಗುತ್ತದೆ. ಪಳಗಿದ ಮಾಸ್ಟರ್ ಕೆಲವೊಮ್ಮೆ ಅದನ್ನೂ ಮೀರಿಸಬಲ್ಲ.

ಲಾಭ ಎಷ್ಟು? ಒಂದು ಪ್ಯಾಂಟಿಗೆ 1.25 ಮೀಟರ್ ಬಟ್ಟೆ ಹೋಗುತ್ತದೆ, ಅದರಲ್ಲಿ 82 ಪಾಲು ಉಪಯೋಗಕ್ಕೆ ಬಂದು 18 ಪಾಲು ಚಿಂದಿಯಾಗುತ್ತದೆ ಎಂದಿಟ್ಟುಕೊಳ್ಳಿ. ಮಾರ್ಕರ್ ಸುಧಾರಿಸಿ 82 ಅನ್ನು 85ಕ್ಕೆ ಏರಿಸಿದರೆ ಪ್ಯಾಂಟಿಗೆ ಸುಮಾರು 4.4 ಸೆಂಟಿಮೀಟರ್ ಉಳಿತಾಯ. ಸಾವಿರ ಪ್ಯಾಂಟಿಗೆ 44 ಮೀಟರ್. ಇನ್ನೂ 36 ಪ್ಯಾಂಟ್ ಅದರಲ್ಲೇ ಹುಟ್ಟುತ್ತವೆ.

ಬಟ್ಟೆ ಕತ್ತರಿಸುವ ಕೆಲಸವನ್ನೂ ಕಂಪ್ಯೂಟರಿಗೆ ಒಪ್ಪಿಸಿದವನು ಜೋಸೆಫ್ ಗರ್ಬರ್. ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳಿಂದ ತಪ್ಪಿಸಿಕೊಂಡು 1940ರಲ್ಲಿ ಅಮೆರಿಕ ಸೇರಿದವನು. ವಿದ್ಯಾರ್ಥಿಯಾಗಿದ್ದಾಗ ಪೈಜಾಮಾದ ಎಲಾಸ್ಟಿಕ್ ಕಿತ್ತು, ಅದರ ಮೇಲೆ ಗುರುತು ಹಾಕಿ, ಬೇಕಾದಷ್ಟು ಹಿಗ್ಗುವ ಅಳತೆಪಟ್ಟಿ ಮಾಡಿಕೊಂಡ. ಅವನ ಕಂಪನಿ ಶುರುವಾದದ್ದು ಆ ಸಾಧನದಿಂದ. 1960ರ ದಶಕದ ಕೊನೆಗೆ ಅವನು ಕಟ್ಟಿದ ಯಂತ್ರದಲ್ಲಿ ಬಟ್ಟೆಯ ಪದರಗಳ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಕೆಳಗಿಂದ ಗಾಳಿ ಎಳೆದು ಒತ್ತಿ ಹಿಡಿಯುತ್ತಾರೆ. ಹಾಸಿಗೆ ಬಿರುಗೂದಲಿನದು, ಹಾಗಾಗಿ ಚಾಕು ತಳದವರೆಗೆ ಇಳಿದರೂ ಏನೂ ಕೆಡುವುದಿಲ್ಲ.

ಬಟ್ಟೆ ಬಿಟ್ಟು ಸಿರುಗುಪ್ಪದ ಕಡೆ ಹೋದರೆ ಕ್ಯಾಡ್ ಬಿಡಿಸಬೇಕಾದ ಲೆಕ್ಕ ಬದಲಾಗುತ್ತದೆ. ತುಂಗಭದ್ರೆಯ ನೀರಿನ ಭತ್ತದ ನಾಡು, ಕಪ್ಪು ಎರೆಮಣ್ಣು. ಕೊಯ್ಲಿನ ಹೊತ್ತಿಗೆ ಮಳೆ ಹೊಡೆದರೆ ಚಕ್ರದ ಕಟಾವು ಯಂತ್ರ ಹೂತುಕೊಳ್ಳುತ್ತದೆ. ರಬ್ಬರ್ ಪಟ್ಟಿಯ ಯಂತ್ರ ತೇಲಿದ ಹಾಗೆ ಸಾಗುತ್ತದೆ. ಯಂತ್ರದ ತೂಕ 3 ಟನ್, ನೆಲ ಮುಟ್ಟುವ ಎರಡು ಪಟ್ಟಿಗಳು ತಲಾ 45 ಸೆಂಟಿಮೀಟರ್ ಅಗಲ, 160 ಸೆಂಟಿಮೀಟರ್ ಉದ್ದ ಎಂದು ಹಿಡಿದರೆ, ಚದರ ಸೆಂಟಿಮೀಟರಿಗೆ ಬೀಳುವ ಭಾರ ಸುಮಾರು 200 ಗ್ರಾಂ. 60 ಕಿಲೋ ತೂಕದ ಆಳು ಒಂಟಿ ಪಾದ ಊರಿದಾಗ ಮಣ್ಣನ್ನು ಒತ್ತುವುದು ಇದಕ್ಕಿಂತ ಹೆಚ್ಚು! ತೊಡಕಿರುವುದು ಬೇರೆ ಕಡೆ: ಕಾಳಿನ ಟ್ಯಾಂಕ್ ತುಂಬುತ್ತಾ ಹೋದಂತೆ ಯಂತ್ರದ ಗುರುತ್ವ ಕೇಂದ್ರ ಸರಿಯುತ್ತದೆ, ಬದು ಹತ್ತುವಾಗ ಮಗುಚುವ ಅಪಾಯವಿದೆ. ಕ್ಯಾಡ್ ಮಾದರಿಯಲ್ಲಿ ಪ್ರತಿ ಭಾಗಕ್ಕೂ ಸಾಂದ್ರತೆ ಕೊಟ್ಟಿರುವುದರಿಂದ, ಟ್ಯಾಂಕ್ ಖಾಲಿ, ಅರ್ಧ, ಭರ್ತಿ ಮೂರೂ ಸ್ಥಿತಿಯಲ್ಲಿ ಆ ಕೇಂದ್ರ ಎಲ್ಲಿದೆಯೆಂದು ಕಾಗದದ ಮೇಲೆ ಗುಣಿಸದೆ ತಿಳಿಯುತ್ತದೆ.

ನಕ್ಷೆಯೇ ಇಲ್ಲದ ವಸ್ತುವಿಗೆ ಏನು ಮಾಡುವುದು? ಕುರುಗೋಡಿನ ದೊಡ್ಡಬಸವೇಶ್ವರ ಗುಡಿಯ ಏಕಶಿಲಾ ನಂದಿಯನ್ನೇ ನೋಡಿ. ಕೆತ್ತಿದವರು ಕಾಗದ ಬಿಟ್ಟುಹೋಗಿಲ್ಲ. ಸುತ್ತಲಿಂದ, ಒಂದರ ಅಂಚು ಇನ್ನೊಂದರಲ್ಲೂ ಬರುವಂತೆ ನೂರಾರು ಫೋಟೊ ತೆಗೆದರೆ, ಒಂದೇ ಗುರುತು ಬೇರೆ ಬೇರೆ ಚಿತ್ರಗಳಲ್ಲಿ ಎಷ್ಟು ಜರುಗಿದೆ ಎಂಬುದರಿಂದ ತಂತ್ರಾಂಶ ಅದರ ದೂರ ಅಳೆಯುತ್ತದೆ. ಲಕ್ಷಾಂತರ ಬಿಂದುಗಳು ಸೇರಿ ಮೈ ಮೂಡುತ್ತದೆ. ಅಕ್ಕಿ ಗಿರಣಿಯ ಹಳೆಯ ಗೇರು ಸವೆದು, ತಯಾರಕರೇ ಬಾಗಿಲು ಹಾಕಿದ್ದರೂ, ಬಿಡಿಭಾಗವನ್ನು ಮರಳಿ ಮಾಡಿಸಲು ಇಂಥ ಸ್ಕ್ಯಾನಿಂಗ್ ನೆರವಾಗುತ್ತದೆ. ಸವೆದ ಹಲ್ಲನ್ನು ಹಾಗೆಯೇ ನಕಲು ಮಾಡಿದರೆ ಸವಕಲು ಗೇರೇ ಹುಟ್ಟುತ್ತದೆ. ಮೂಲ ಅಳತೆಯನ್ನು ಊಹಿಸಿ ತಿದ್ದುವ ಕೆಲಸ ಫಿಟ್ಟರ್‌ನದು.

ಜೀನ್ಸ್‌ನಲ್ಲೂ ಪರದೆಗೆ ತಾನಾಗಿ ತಿಳಿಯದ ಒಂದು ಸಂಗತಿ ಇದೆ: ವಾಷಿಂಗ್. ಡೆನಿಮ್ ಉದ್ದಕ್ಕೆ ಒಂದಳತೆ, ಅಗಲಕ್ಕೆ ಇನ್ನೊಂದಳತೆ ಕುಗ್ಗುತ್ತದೆ. ಲೈಕ್ರಾ ಬೆರೆತ ಸ್ಟ್ರೆಚ್ ಬಟ್ಟೆ ಅಗಲದಲ್ಲಿ ಬಹಳ. ತೊಡೆಯ ಸುತ್ತಳತೆ ಕೊನೆಗೆ 24 ಇಂಚು ಬರಬೇಕು, ಬಟ್ಟೆ ಶೇ 10 ಕುಗ್ಗುತ್ತದೆ ಎನ್ನಿ. 24ಕ್ಕೆ ಶೇ 10 ಕೂಡಿಸಿ 26.4 ಇಂಚಿಗೆ ಕತ್ತರಿಸಿದರೆ, ಒಗೆದ ಮೇಲೆ ಉಳಿಯುವುದು 23.76, ಕಾಲು ಇಂಚು ಕೊರತೆ. ಕೂಡಿಸಬಾರದು, 24ನ್ನು 0.9ರಿಂದ ಭಾಗಿಸಬೇಕು, ಆಗ 26.67 ಬರುತ್ತದೆ. ತಂತ್ರಾಂಶ ಈ ಭಾಗಾಕಾರವನ್ನು ಇಡೀ ಪ್ಯಾಟರ್ನ್‌ಗೆ ಕ್ಷಣದಲ್ಲಿ ಮಾಡುತ್ತದೆ, ಆದರೆ ಆ 10 ಎಂಬ ಅಂಕಿ ಹೊರಗಿನಿಂದ ಬರಬೇಕು. ಒಂದೇ ಲಾರಿಯಲ್ಲಿ ಬಂದ ಥಾನುಗಳೂ ಒಂದೇ ಸಮ ಕುಗ್ಗುವುದಿಲ್ಲ. ಹಾಗಾಗಿ ಪ್ರತಿ ಥಾನಿನಿಂದ ಒಂದು ತುಂಡು ಕತ್ತರಿಸಿ, ಚೌಕ ಗುರುತು ಹಾಕಿ, ವಾಷಿಂಗ್‌ಗೆ ಕಳಿಸಿ, ಮರಳಿ ಬಂದದ್ದನ್ನು ಟೇಪಿನಲ್ಲಿ ಅಳೆಯುತ್ತಾರೆ. ಹತ್ತಿರ ಹತ್ತಿರ ಕುಗ್ಗಿದ ಥಾನುಗಳನ್ನು ಒಂದು ಗುಂಪು ಮಾಡಿ, ಗುಂಪಿಗೊಂದು ಪ್ಯಾಟರ್ನ್, ಗುಂಪಿಗೊಂದು ಮಾರ್ಕರ್ ಹೊರಡಿಸುತ್ತಾರೆ.