ವರ್ಸೇಲ್ಸ್‌ನಲ್ಲಿ ಶಾಂತಿ, ಮಂಗಳೂರಿನಲ್ಲಿ ಮುತ್ತಿಗೆ

ಮಂಗಳೂರಿನ ಬೋಳೂರಿನಲ್ಲಿ ನದಿಯಂಚಿಗೆ ನಿಂತಿರುವ ಸುಲ್ತಾನ್ ಬತ್ತೇರಿಗೆ ಬರುವವರು ಅದರ ಫಿರಂಗಿ ಕಿಂಡಿಗಳಲ್ಲಿ ಇಣುಕಿ, ಫೋಟೋ ತೆಗೆದುಕೊಂಡು ಹೊರಡುತ್ತಾರೆ. ಶತ್ರುಗಳ ಹಡಗು ಒಳನುಗ್ಗದಂತೆ 1784ರಲ್ಲಿ ಟಿಪ್ಪು ಸುಲ್ತಾನ ಕಟ್ಟಿಸಿದ ಕಾವಲು ಕಟ್ಟೆ ಇದು ಎನ್ನಲಾಗುತ್ತದೆ. ಅದೇ ವರ್ಷ ಏಕೆ? ಉತ್ತರಕ್ಕಾಗಿ ದೂರದ ಅಮೆರಿಕದವರೆಗೂ ಹೋಗಬೇಕು.

ಬ್ರಿಟಿಷರ ವಿರುದ್ಧ ದಂಗೆಯೆದ್ದ ಅಮೆರಿಕನ್ನರ ಪರವಾಗಿ 1778ರಲ್ಲಿ ಫ್ರಾನ್ಸ್ ಯುದ್ಧಕ್ಕಿಳಿಯಿತು. ಅದರ ಕಿಡಿ ಭಾರತಕ್ಕೂ ಹಾರಿತು. ಈಸ್ಟ್ ಇಂಡಿಯಾ ಕಂಪೆನಿ ಫ್ರೆಂಚರ ಪಾಂಡಿಚೇರಿಯನ್ನು, 1779ರಲ್ಲಿ ಮಲಬಾರಿನ ಮಾಹೆಯನ್ನು ವಶಪಡಿಸಿಕೊಂಡಿತು. ಮೈಸೂರಿನ ಹೈದರಾಲಿಗೆ ಫ್ರೆಂಚರ ಶಸ್ತ್ರಾಸ್ತ್ರ ಬರುತ್ತಿದ್ದುದು ಮಾಹೆಯ ಮೂಲಕ. ಕೆರಳಿದ ಹೈದರ್ 1780ರಲ್ಲಿ ಕಂಪೆನಿಯ ಮೇಲೆ ಯುದ್ಧ ಸಾರಿದ. ಇದೇ ಎರಡನೇ ಮೈಸೂರು ಯುದ್ಧ.

1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ. ಮರುವರ್ಷದ ಆರಂಭದಲ್ಲಿ ಮುಂಬಯಿಯಿಂದ ಬಂದ ಕಂಪೆನಿ ಸೈನ್ಯ ಬಿದನೂರನ್ನೂ ಮಂಗಳೂರನ್ನೂ ಹಿಡಿಯಿತು. ಟಿಪ್ಪು ಬಿದನೂರನ್ನು ಮರಳಿ ಗೆದ್ದು, ಘಟ್ಟ ಇಳಿದು, ಮೇ ತಿಂಗಳಲ್ಲಿ ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದ. ಒಳಗಿದ್ದವನು ಬ್ರಿಟಿಷ್ ಸೇನಾಧಿಕಾರಿ ಜಾನ್ ಕ್ಯಾಂಬೆಲ್. ಹೊರಗೆ ಟಿಪ್ಪುವಿನ ಜೊತೆ ಫ್ರೆಂಚ್ ತುಕಡಿಯೊಂದು ಕಾದಾಡುತ್ತಿತ್ತು.

ಸ್ವಾರಸ್ಯವಿರುವುದು ಇಲ್ಲಿ. ಬ್ರಿಟನ್ ಮತ್ತು ಫ್ರಾನ್ಸ್ 1783ರ ಜನವರಿ 20ರಂದೇ ವರ್ಸೇಲ್ಸ್‌ನಲ್ಲಿ ಶಾಂತಿಯ ಕರಡಿಗೆ ಸಹಿ ಹಾಕಿದ್ದವು! ಹಡಗಿನಲ್ಲಿ ಸುದ್ದಿ ಮಂಗಳೂರು ಮುಟ್ಟಿದ್ದು ಜುಲೈನಲ್ಲಿ. ಮುಟ್ಟಿದ ಕೂಡಲೇ ಫ್ರೆಂಚರು ಯುದ್ಧದಿಂದ ಹಿಂದೆ ಸರಿದರು. ಯಾರಿಗಾಗಿ ಬಂದಿದ್ದರೋ ಆ ಟಿಪ್ಪುವನ್ನು ವರ್ಸೇಲ್ಸ್‌ನಲ್ಲಿ ಯಾರೂ ಕೇಳಿರಲಿಲ್ಲ. ಆಗಸ್ಟಿನಲ್ಲಿ ಕದನವಿರಾಮವಾದರೂ ಕೋಟೆಯ ಸುತ್ತಲಿನ ಬಿಗಿ ಸಡಿಲಲಿಲ್ಲ. ಹಸಿವು, ರೋಗಗಳಿಂದ ಬಳಲಿದ ಕ್ಯಾಂಬೆಲ್ 1784ರ ಜನವರಿ ಕೊನೆಯಲ್ಲಿ ಕೋಟೆ ಬಿಟ್ಟುಕೊಟ್ಟ.

ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು. ಗೆದ್ದ ಊರುಗಳನ್ನು ಪರಸ್ಪರ ಮರಳಿಸುವುದು, ಸೆರೆಯಾಳುಗಳನ್ನು ಬಿಡುವುದು ಇದರ ತಿರುಳು. ಕಂಪೆನಿಯ ಪ್ರತಿನಿಧಿಗಳು ಮದರಾಸಿನಿಂದ ಟಿಪ್ಪುವಿನ ಪಾಳೆಯಕ್ಕೇ ಬಂದು ಸಹಿ ಹಾಕಬೇಕಾಯಿತು. ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್‌ಗೆ ಇದು ಹಿಡಿಸಲಿಲ್ಲ.

ಆದರೆ ಊರಿನ ಜನರಿಗೆ ಶಾಂತಿ ಸಿಕ್ಕಿತೇ? ಕಂಪೆನಿಗೆ ನೆರವಾದರೆಂಬ ಆರೋಪ ಹೊರಿಸಿ, ಕೆನರಾದ ಕಥೋಲಿಕ ಕ್ರೈಸ್ತರನ್ನು ಟಿಪ್ಪು ಅದೇ ವರ್ಷ ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದ. ಹೋದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಸಾವಿರಾರು ಮಂದಿ ಮರಳಲಿಲ್ಲವೆಂಬುದರಲ್ಲಿ ಅನುಮಾನವಿಲ್ಲ. ಬದುಕುಳಿದವರಲ್ಲಿ ಅನೇಕರು ಊರು ಕಂಡದ್ದು 1799ರ ನಂತರ.

ಟಿಪ್ಪು ಮಾತ್ರ ಫ್ರೆಂಚರ ಮೇಲಿನ ಭರವಸೆ ಬಿಡಲಿಲ್ಲ. 1788ರಲ್ಲಿ ಅವನ ರಾಯಭಾರಿಗಳು ಫ್ರಾನ್ಸಿನ ದೊರೆ ಹದಿನಾರನೇ ಲೂಯಿಯನ್ನು ಕಂಡರು. ಉಪಚಾರ ಸಿಕ್ಕಿತು, ಸೈನ್ಯ ಸಿಗಲಿಲ್ಲ. ಕೊನೆಗೆ 1798ರಲ್ಲಿ ಮಾರಿಷಸ್‌ನಿಂದ ಮಂಗಳೂರು ಬಂದರಿಗೆ ಬಂದಿಳಿದ ಫ್ರೆಂಚ್ ಸ್ವಯಂಸೇವಕರು ಸುಮಾರು ನೂರು ಮಂದಿ ಮಾತ್ರ. ಯುದ್ಧ ಗೆಲ್ಲಲು ಸಾಲದ ಈ ಪಡೆ, ಯುದ್ಧ ಹೂಡಲು ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಸಾಕಷ್ಟು ನೆಪ ಒದಗಿಸಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಕೆನರಾ ಕಂಪೆನಿಯ ಪಾಲಾಯಿತು.

ದೊಡ್ಡ ರಾಷ್ಟ್ರಗಳು ಸಣ್ಣವರ ಜಗಳಕ್ಕೆ ಬರುವುದು ತಮ್ಮ ಲೆಕ್ಕಾಚಾರದಿಂದ. ಲೆಕ್ಕ ಮುಗಿದಾಗ ಎದ್ದು ಹೋಗುತ್ತವೆ. ಉಳಿದ ಸಾಲ ತೀರಿಸುವವರು ಊರಿನವರು. ಬತ್ತೇರಿಯ ಕಿಂಡಿಯಿಂದ ನದಿಯನ್ನು ನೋಡುವಾಗ ಇಷ್ಟನ್ನು ನೆನೆದರೆ, ಇಂದಿನ ಪತ್ರಿಕೆಯ ವಿದೇಶ ಸುದ್ದಿಗಳೂ ಅಷ್ಟೇನೂ ದೂರದವೆನಿಸಲಾರವು.